ಕಂಪ್ಯೂಟರ್ ಪ್ರಶ್ನೋತ್ತರ: ‘ಮೆಮೊರಿ ಕಡಿಮೆ’ ಎಂದರೆ ಯಾವ ಮೆಮೊರಿ?

ಪ್ರಶ್ನೆ: ಮಗನ ಲ್ಯಾಪ್‌ಟಾಪ್ ಏಳು ವರ್ಷ ಹಳೆಯದು. ಆನ್ ಮಾಡಿ, ಕಾಫಿ ಕುಡಿದು ಬಂದರೂ ಇನ್ನೂ ಗಿರಗಿರ ತಿರುಗುತ್ತಿರುತ್ತದೆ. ಅಂಗಡಿಯವರು ‘ಮೆಮೊರಿ ಕಡಿಮೆ, 4 ಜಿಬಿ ಅಷ್ಟೇ ಇದೆ’ ಎನ್ನುತ್ತಾರೆ. ಬಿಲ್ಲಿನಲ್ಲಿ 1 ಟಿಬಿ ಎಂದಿದೆ. ಯಾರ ಮಾತು ನಂಬಲಿ? (ಗೃಹಿಣಿ, ತಿಪಟೂರು)

ಎರಡೂ ನಿಜ. 4 ಜಿಬಿ ಎಂಬುದು ರ‍್ಯಾಮ್, 1 ಟಿಬಿ ಎಂಬುದು ಹಾರ್ಡ್ ಡಿಸ್ಕ್. ಎರಡನ್ನೂ ‘ಮೆಮೊರಿ’ ಎಂದೇ ಕರೆಯುವುದರಿಂದ ಈ ಗೊಂದಲ. ಹಾರ್ಡ್ ಡಿಸ್ಕ್ ನಿಮ್ಮ ಮನೆಯ ಉಗ್ರಾಣ, ರ‍್ಯಾಮ್ ಅಡುಗೆಕಟ್ಟೆ. ಉಗ್ರಾಣದಲ್ಲಿ ವರ್ಷಕ್ಕಾಗುವಷ್ಟು ಅಕ್ಕಿ ಇದ್ದರೂ ಒಗ್ಗರಣೆ ಹಾಕುವಾಗ ಬೇಕಾದದ್ದು ಕಟ್ಟೆಯ ಮೇಲಿರಬೇಕು. ಕರೆಂಟ್ ಹೋದರೆ ಕಟ್ಟೆ ಖಾಲಿ, ಉಗ್ರಾಣ ಇದ್ದಂತೆಯೇ ಇರುತ್ತದೆ. ಕಟ್ಟೆಯಲ್ಲಿ ಜಾಗ ಸಾಲದಾದಾಗ ವಿಂಡೋಸ್ ಒಂದಷ್ಟನ್ನು ಉಗ್ರಾಣಕ್ಕೆ ಸಾಗಿಸಿ, ಬೇಕೆಂದಾಗ ಮತ್ತೆ ತರುತ್ತದೆ. ಈ ಓಡಾಟವೇ ನಿಧಾನಕ್ಕೆ ಒಂದು ಕಾರಣ.

ಆದರೆ ಆನ್ ಆಗುವುದೇ ತಡವಾದರೆ ಮೊದಲ ಅನುಮಾನ ಹಾರ್ಡ್ ಡಿಸ್ಕಿನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಮುನ್ನ ಹೀಗೆ ನೋಡಿ: ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಗಳನ್ನು ಒಟ್ಟಿಗೆ ಒತ್ತಿ. ತೆರೆಯುವ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಪರ್ಫಾರ್ಮೆನ್ಸ್’ ಪುಟಕ್ಕೆ ಹೋಗಿ. ಡಿಸ್ಕ್ 100 ಶೇಕಡಾದಲ್ಲಿ ಅಂಟಿಕೊಂಡಿದ್ದು ಮೆಮೊರಿ 60–70ರ ಆಸುಪಾಸಿನಲ್ಲಿದ್ದರೆ ತೊಡಕು ಡಿಸ್ಕಿನದು. ಮೆಮೊರಿ 90 ದಾಟಿದ್ದರೆ ರ‍್ಯಾಮ್ ಕೂಡ ಸಾಲದು.

ಡಿಸ್ಕ್ ಯಾಕೆ ಹಾಗೆ ಒದ್ದಾಡುತ್ತದೆ? ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಓದುವ ಮುಳ್ಳು ಸರಿಯಾದ ಜಾಗಕ್ಕೆ ಸರಿಯಬೇಕು, ತಟ್ಟೆಯ ಆ ಭಾಗ ತಿರುಗಿ ಅದರ ಕೆಳಗೆ ಬರಬೇಕು. ಹೀಗಾಗಿ ಅಲ್ಲಲ್ಲಿ ಚದುರಿದ ಚಿಕ್ಕ ತುಣುಕುಗಳನ್ನು ಸೆಕೆಂಡಿಗೆ ನೂರು ಸಲ ಓದುವುದೂ ಅದಕ್ಕೆ ಕಷ್ಟ. ವಿಂಡೋಸ್ ಶುರುವಾಗುವಾಗ ಓದುವುದು ಇಂಥ ಸಾವಿರಾರು ತುಣುಕುಗಳನ್ನೇ. ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಬರೀ ಚಿಪ್. ಹಾಗಾಗಿ ಮೊದಲು 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕ್ ಜೋಡಿಸುವ ಮಾಮೂಲಿ ಸಂಪರ್ಕ) ಎಸ್‌ಎಸ್‌ಡಿ ಹಾಕಿಸಿ. 256 ಜಿಬಿ ನಡೆಯುತ್ತದೆ, ಫೋಟೊ ಹೆಚ್ಚಿದ್ದರೆ 512. ಆಮೇಲೆ ರ‍್ಯಾಮ್ ಅನ್ನು 8 ಜಿಬಿಗೆ ಏರಿಸಿ. ತೆಗೆದ ಹಾರ್ಡ್ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಯುಎಸ್‌ಬಿ ಕೇಸಿನಲ್ಲಿ ಕೂರಿಸಿದರೆ ಅದೇ ಹೊರಗಿನ ಡಿಸ್ಕ್.

ಖರ್ಚು ಮಾಡುವ ಮುನ್ನ ಇನ್ನೊಂದು ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಪ್ರೊಸೆಸರ್ ಆಗಿದ್ದರೆ, ವಿಂಡೋಸ್ 11 ಹಾಕಲು ಅದು ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ ‘ಐ5-8250ಯು’ ಎಂಬಂಥ ಹೆಸರು ಕಾಣುತ್ತದೆ. ಅಡ್ಡಗೆರೆಯ ನಂತರದ 8 ಎಂದರೆ ಎಂಟನೇ ತಲೆಮಾರು. ಅಲ್ಲಿ 7 ಇದ್ದರೆ ವಿಂಡೋಸ್ ಬದಲಿಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿಸಿ. ಎಸ್‌ಎಸ್‌ಡಿ ಇದ್ದರೆ ಮಗನ ಓದಿಗೆ ಧಾರಾಳ.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪಿನ ರ‍್ಯಾಮ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಬಹುದೇ? (ಡಿಪ್ಲೊಮಾ ವಿದ್ಯಾರ್ಥಿ, ಹಾವೇರಿ)

ಆಗದು. ಡೆಸ್ಕ್‌ಟಾಪಿನ ರ‍್ಯಾಮ್ ಪಟ್ಟಿ ಸುಮಾರು 13.3 ಸೆಂ.ಮೀ. ಉದ್ದ, ಲ್ಯಾಪ್‌ಟಾಪಿನದು ಅದರ ಅರ್ಧ. ಅಳತೆ ಒಂದೇ ಆಗಿದ್ದರೂ ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ರ‍್ಯಾಮ್ ತಲೆಮಾರುಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡಿಡಿಆರ್3ಕ್ಕೆ 1.5 ವೋಲ್ಟ್ (ಕೆಲವಕ್ಕೆ 1.35), ಡಿಡಿಆರ್4ಕ್ಕೆ 1.2. ತಪ್ಪಿ ಹಾಕಬಾರದೆಂದೇ ಪಟ್ಟಿಯ ಕಚ್ಚನ್ನು ಬೇರೆ ಬೇರೆ ಕಡೆ ಕೊರೆದಿರುತ್ತಾರೆ. ಕೂರದಿದ್ದರೆ ಒತ್ತಬೇಡಿ, ಸ್ಲಾಟ್ ಸೀಳಿದರೆ ಮದರ್‌ಬೋರ್ಡೇ ಹೋದಂತೆ.

ಹೊಸದನ್ನು ಹಾಕುವಾಗ ಚಾರ್ಜರ್ ತೆಗೆಯಿರಿ, ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಬಿಚ್ಚಿ, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಮೈಯಲ್ಲಿರುವ ಸ್ಥಾಯಿ ವಿದ್ಯುತ್ ಇಳಿಯಲು ಬಣ್ಣ ಬಳಿಯದ ಲೋಹವನ್ನು ಒಮ್ಮೆ ಮುಟ್ಟಿ. ಪಟ್ಟಿಯನ್ನು ಓರೆಯಾಗಿ ಹಿಡಿದು, ಚಿನ್ನದ ಬಣ್ಣದ ಹಲ್ಲುಗಳು ಬಹುತೇಕ ಮರೆಯಾಗುವ ತನಕ ಒಳಗೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿ. ಎರಡೂ ಬದಿಯ ಕ್ಲಿಪ್ಪು ‘ಟಕ್’ ಎನ್ನಬೇಕು. ಒಂದೇ ಬದಿ ಟಕ್ ಎಂದರೆ ಪಟ್ಟಿ ವಾರೆಯಾಗಿದೆ. ಆನ್ ಮಾಡಿದಾಗ ಪರದೆ ಕಪ್ಪಾಗಿಯೇ ಇದ್ದರೆ ಗಾಬರಿ ಬೇಡ, ತೆಗೆದು ಮತ್ತೆ ಕೂರಿಸಿ. ಹಳೆಯ ಪಟ್ಟಿಯ ಹಲ್ಲು ಮಂಕಾಗಿದ್ದರೆ ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಪೂರ್ತಿ ಕೊಡವಿ. 2400 ವೇಗದ ಪಟ್ಟಿಯ ಪಕ್ಕ 3200ರದ್ದನ್ನು ಹಾಕಿದರೆ ಎರಡೂ 2400ರಲ್ಲೇ ಓಡುತ್ತವೆ, ದುಬಾರಿ ಪಟ್ಟಿಯ ಹಣ ವ್ಯರ್ಥ. ತೆಳ್ಳನೆಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ. ಅದನ್ನು ಬಿಚ್ಚುವ ಮಾತೇ ಇಲ್ಲ.

ಪ್ರಶ್ನೆ: ಎನ್‌ವಿಎಂಇ ಎಸ್‌ಎಸ್‌ಡಿ ತಂದು ಎಂ.2 ಸ್ಲಾಟಿಗೆ ಹಾಕಿದೆ. ಸರಿಯಾಗಿ ಕೂತಿದೆ, ಆದರೆ ವಿಂಡೋಸ್‌ನಲ್ಲಿ ಕಾಣುತ್ತಿಲ್ಲ. (ಶಿವಮೊಗ್ಗ)

ಮೊದಲು ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಸೆಟ್ಟಿಂಗ್ ಪುಟ) ಅದರ ಹೆಸರಿದೆಯೇ ನೋಡಿ. ಇದ್ದರೆ ಬಹುತೇಕ ಕೆಟ್ಟಿಲ್ಲ, ಹೊಸ ಡಿಸ್ಕನ್ನು ಸಜ್ಜು ಮಾಡಿಲ್ಲ ಅಷ್ಟೇ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ, ಕೇಳಿದಾಗ ‘ಜಿಪಿಟಿ’ ಆಯ್ದುಕೊಳ್ಳಿ, ಕಪ್ಪು ಪಟ್ಟಿಯ ಜಾಗದಲ್ಲಿ ‘ನ್ಯೂ ಸಿಂಪಲ್ ವಾಲ್ಯೂಮ್’ ಕೊಡಿ.

ಬಯೋಸ್‌ನಲ್ಲೂ ಇಲ್ಲವಾದರೆ ಸ್ಲಾಟ್ ಸಾಟಾ ಮಾತ್ರ ಒಪ್ಪುವಂಥದ್ದಿರಬಹುದು. ಎಂ.2 ಎಂಬುದು ಆಕಾರದ ಹೆಸರು, ಒಳಗೆ ನಡೆಯುವ ಸಂಭಾಷಣೆ ಸಾಟಾ ಆಗಿರಬಹುದು, ಎನ್‌ವಿಎಂಇ ಆಗಿರಬಹುದು. ಸಾಮಾನ್ಯವಾಗಿ ಹಲ್ಲಿನ ಸಾಲಿನಲ್ಲಿ ಎರಡು ಕಚ್ಚು ಇದ್ದರೆ ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ಪೊಟ್ಟಣದ ಮೇಲಿನ 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಕೊಳ್ಳುವ ಮೊದಲೇ ಲ್ಯಾಪ್‌ಟಾಪಿನ ಕೈಪಿಡಿ ನೋಡಿದ್ದರೆ ಈ ಪತ್ರ ಬರೆಯುವ ತೊಂದರೆ ತಪ್ಪುತ್ತಿತ್ತು!

ಪ್ರಶ್ನೆ: 32 ಜಿಬಿ ಪೆನ್ ಡ್ರೈವ್ 29.8 ಎಂದು ತೋರಿಸುತ್ತದೆ. ಮೋಸವೇ? ಆನ್‌ಲೈನ್‌ನಲ್ಲಿ 2 ಟಿಬಿ ಪೆನ್ ಡ್ರೈವ್ ಕೆಲವೇ ನೂರು ರೂಪಾಯಿಗೆ ಸಿಗುತ್ತಿದೆ, ಕೊಳ್ಳಲೇ? (ಶಿಕ್ಷಕರು, ರಾಯಚೂರು)

ಮೊದಲನೆಯದು ಮೋಸವಲ್ಲ, ಎರಡನೆಯದು ಮೋಸ. ತಯಾರಕರು ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ನ್ನು ಮೂರು ಸಲ ಗುಣಿಸಿ ಸುಮಾರು 107 ಕೋಟಿ ಎನ್ನುತ್ತದೆ. ಅದಕ್ಕೇ 1 ಟಿಬಿ ಕೂಡ 931 ಆಗಿ ಕಾಣುತ್ತದೆ.

ಅಗ್ಗದ 2 ಟಿಬಿಯೊಳಗೆ ಇರುವುದು ಚಿಕ್ಕ ಚಿಪ್. ದೊಡ್ಡ ಅಳತೆ ಹೇಳುವಂತೆ ಅದಕ್ಕೆ ಸುಳ್ಳು ಕಲಿಸಿರುತ್ತಾರೆ. ಮೊದಲ ಕೆಲವು ಫೈಲು ಸರಿಯಾಗಿಯೇ ತೆರೆಯುತ್ತವೆ, ಚಿಪ್ ತುಂಬಿದ ಮೇಲೆ ಹಾಕಿದವು ಹೆಸರು ಮಾತ್ರ ಉಳಿದು ಒಳಗೆ ಖಾಲಿ, ಇಲ್ಲವೇ ಹಳೆಯವನ್ನೇ ಅಳಿಸಿ ಕೂರುತ್ತವೆ. ಈಗಾಗಲೇ ಕೊಂಡಿದ್ದರೆ ‘ಎಚ್2ಟೆಸ್ಟ್‌ಡಬ್ಲ್ಯೂ’ ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ, ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ.

ಪ್ರಶ್ನೆ: ಹೊರಗಿನ ಹಾರ್ಡ್ ಡಿಸ್ಕ್ ಎರಡು ದಿನದಿಂದ ‘ಟಿಕ್ ಟಿಕ್’ ಎನ್ನುತ್ತಿದೆ. ಮದುವೆಯ ಫೋಟೊಗಳೆಲ್ಲ ಅದರಲ್ಲೇ ಇವೆ. (ಮೈಸೂರು)

ಡಿಸ್ಕ್ ಇನ್ನೂ ಕಾಣುತ್ತಿದೆಯೇ? ಹಾಗಿದ್ದರೆ ಬೇರೆಲ್ಲ ಬಿಟ್ಟು ಮದುವೆಯ ಫೋಲ್ಡರನ್ನು ಮೊದಲು ನಕಲು ಮಾಡಿ, ಸಿನಿಮಾಗಳು ಆಮೇಲೆ. ವಿಂಡೋಸ್‌ನ ಡಿಸ್ಕ್ ತಪಾಸಣೆಯ ‘ಚೆಕ್‌ಡಿಸ್ಕ್’ ಓಡಿಸಬೇಡಿ, ಸಾಯುತ್ತಿರುವ ಡಿಸ್ಕಿಗೆ ಅದು ಗಂಟೆಗಟ್ಟಲೆ ಕೆಲಸ ಹಚ್ಚುತ್ತದೆ. ಕಾಣಿಸುತ್ತಿಲ್ಲ, ಟಿಕ್ ಟಿಕ್ ಮಾತ್ರ ಎಂದರೆ ಈಗಲೇ ಕೇಬಲ್ ಕೀಳಿ. ಓದುವ ಮುಳ್ಳು ಹಾಳಾಗಿದ್ದರೆ ಪ್ರತಿ ಸುತ್ತಿಗೂ ತಟ್ಟೆ ಗೀಚಿಹೋಗಬಹುದು, ಗೀಚಿದ ಕಡೆ ಇದ್ದದ್ದು ಯಾವ ಲ್ಯಾಬಿಗೂ ಸಿಗದು. ಫ್ರೀಜರ್‌ನಲ್ಲಿಡುವ ಸಲಹೆ ಕೇಳಬೇಡಿ, ಒಳಗೆ ತೇವ ಕೂರುತ್ತದೆ. ಮುಚ್ಚಳವನ್ನೂ ತೆಗೆಯಬೇಡಿ, ಮುಳ್ಳಿಗೂ ತಟ್ಟೆಗೂ ನಡುವಿನ ಅಂತರ ಧೂಳಿನ ಕಣಕ್ಕಿಂತ ಕಡಿಮೆ.

ಫೋಟೊ ಕೈಗೆ ಬಂದರೆ ಎರಡು ಡಿಸ್ಕಿನಲ್ಲಿ ಹಾಕಿ, ಒಂದನ್ನು ಅಣ್ಣನ ಮನೆಯಲ್ಲೋ ತವರಿನಲ್ಲೋ ಇಡಿ. ಪೆನ್ ಡ್ರೈವ್ ಇದಕ್ಕೆ ಬೇಡ. ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದಿದ್ದರೆ ಅದರ ಚಿಪ್ ತುಂಬಿಟ್ಟುಕೊಂಡ ವಿದ್ಯುತ್ ನಿಧಾನಕ್ಕೆ ಸೋರುತ್ತದೆ.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗಲೆಲ್ಲ ಡೆಸ್ಕ್‌ಟಾಪ್ ಹಳೆಯ ತಾರೀಖು ತೋರಿಸುತ್ತದೆ, ಬ್ಯಾಂಕಿನ ತಾಣ ತೆರೆಯುವುದಿಲ್ಲ. (ನಿವೃತ್ತರು, ಉಡುಪಿ)

ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಮುಗಿದಿದೆ. ಹೆಸರು ‘ಸಿಆರ್2032’, 3 ವೋಲ್ಟ್, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಭದ್ರ ತಾಣಗಳ ಪ್ರಮಾಣಪತ್ರಕ್ಕೆ ಇಂತಿಂಥ ದಿನದ ತನಕ ಎಂಬ ಅವಧಿ ಇರುತ್ತದೆ, ತಾರೀಖು ತಪ್ಪಿದ್ದರೆ ಬ್ರೌಸರ್ ಅದನ್ನು ನಂಬುವುದಿಲ್ಲ. ಪ್ಲಗ್ ತೆಗೆದು, ಪಕ್ಕದ ಕ್ಲಿಪ್ ಸರಿಸಿದರೆ ಸೆಲ್ ಮೇಲೆದ್ದು ಬರುತ್ತದೆ. ಅಕ್ಷರವಿರುವ ‘+’ ಬದಿ ಕಾಣುವಂತೆ ಹೊಸದನ್ನು ಕೂರಿಸಿ, ಬಯೋಸ್‌ನಲ್ಲಿ ತಾರೀಖು ಸರಿಪಡಿಸಿ. ಆಮೇಲೂ ವಿಂಡೋಸ್ ಏಳದಿದ್ದರೆ ಅಲ್ಲೇ ‘ಸಾಟಾ ಮೋಡ್’ ನೋಡಿ: ಮೊದಲು ‘ಎಎಚ್‌ಸಿಐ’ ಇದ್ದದ್ದು ‘ರೇಡ್’ಗೋ ‘ಐಡಿಇ’ಗೋ ಬದಲಾಗಿರಬಹುದು, ಮೊದಲಿದ್ದದ್ದಕ್ಕೇ ಮರಳಿಸಿ.