ಕಂಪ್ಯೂಟರಿನಲ್ಲಿ ಕಾಣದ ಬಿಳಿ ಮಚ್ಚೆ

ಪ್ರಶ್ನೆ: ಬಿಡಿಭಾಗಗಳನ್ನು ಪರಿಶೀಲಿಸುವ ಕ್ಯಾಮೆರಾಕ್ಕಾಗಿ ಐದು ಬಿಡಿ ಲೆನ್ಸ್‌ಗಳ ವಿನ್ಯಾಸವನ್ನು ಝೀಮ್ಯಾಕ್ಸ್ ಎಂಬ ಲೆನ್ಸ್ ವಿನ್ಯಾಸದ ತಂತ್ರಾಂಶದಲ್ಲಿ ಮಾಡಿದ್ದೆ. ಅಲ್ಲಿ ಎಲ್ಲವೂ ಸರಿಯಿತ್ತು. ಮಾಡಿಸಿ ತಂದರೆ ಚಿತ್ರ ಮಂಕು. ದೀಪ ಎದುರಿಗಿದ್ದರೆ ನಡುವೆ ಬಿಳಿ ಮಚ್ಚೆ. ತಂತ್ರಾಂಶ ಇದನ್ನು ಮೊದಲೇ ಏಕೆ ತೋರಿಸಲಿಲ್ಲ?
— ಓದುಗರು, ಬೆಂಗಳೂರು

ಉತ್ತರ: ನೀವು ಕೇಳದ ಲೆಕ್ಕವನ್ನು ಅದು ಮಾಡುವುದಿಲ್ಲ. ಚಿತ್ರದ ಸ್ಪಷ್ಟತೆಯನ್ನು ಅಳೆಯುವಾಗ ಕಿರಣ ಎಲ್ಲಿ ಬಾಗಿ ಎಲ್ಲಿಗೆ ತಲುಪಿತು ಎಂಬುದಷ್ಟೇ ಅದಕ್ಕೆ ಮುಖ್ಯ. ದಾರಿಯಲ್ಲಿ ಎಷ್ಟು ಬೆಳಕು ನಷ್ಟವಾಯಿತು ಎಂದು ತಿಳಿಯಲು ಧ್ರುವೀಕರಣದ (ಬೆಳಕಿನ ಅಲೆ ಕಂಪಿಸುವ ದಿಕ್ಕಿನ) ಲೆಕ್ಕವನ್ನು ನೀವೇ ಆರಿಸಿಕೊಳ್ಳಬೇಕು.

ಸಾಮಾನ್ಯ ಬಿಕೆ7 ಗಾಜಿನ ಒಂದು ಮೇಲ್ಮೈ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು 4.2 ಶೇಕಡಾವನ್ನು ಹಿಂದಕ್ಕೆ ಕಳುಹಿಸುತ್ತದೆ. ನಿಮ್ಮದು ಹತ್ತು ಮೇಲ್ಮೈ. ಪ್ರತಿಫಲನವನ್ನು ತಗ್ಗಿಸುವ ತೆಳು ಲೇಪನವೇ ಇಲ್ಲದಿದ್ದರೆ ಕೊನೆಗೆ ಉಳಿಯುವುದು 65 ಶೇಕಡಾ. ಮೆಗ್ನೀಸಿಯಂ ಫ್ಲೋರೈಡಿನ ಒಂದೇ ಪದರವನ್ನು ನೂರು ನ್ಯಾನೋಮೀಟರ್ ದಪ್ಪಕ್ಕೆ ಹಚ್ಚಿದರೆ, ಹಸಿರು ಬೆಳಕಿಗೆ ಪ್ರತಿಫಲನ 1.3 ಶೇಕಡಾಕ್ಕೆ ಇಳಿದು, ಉಳಿಯುವ ಬೆಳಕು 88ರ ಹತ್ತಿರ ಬರುತ್ತದೆ.

ಹೋದ ಬೆಳಕಿಗಿಂತ ತಿರುಗಿ ಬಂದ ಬೆಳಕೇ ಹೆಚ್ಚು ಕಾಡುತ್ತದೆ. ಒಂದು ಮೇಲ್ಮೈಯಿಂದ ಹಿಂದಕ್ಕೆ ಹೋಗಿ, ಇನ್ನೊಂದರಿಂದ ಮತ್ತೆ ಮುಂದಕ್ಕೆ ಬಂದು ಸಂವೇದಕಕ್ಕೆ ಬೀಳುವ ಬೆಳಕು ನಿಮ್ಮ ಮಚ್ಚೆಗೆ ಕಾರಣವಿರಬಹುದು. ಹತ್ತು ಮೇಲ್ಮೈಗಳಲ್ಲಿ ಇಂತಹ ಜೋಡಿಗಳು 45. ಇದನ್ನು ನೋಡಲು ತಂತ್ರಾಂಶದಲ್ಲಿ ಅನುಕ್ರಮವಲ್ಲದ ವಿಧಾನಕ್ಕೆ (ಕಿರಣ ಯಾವ ಮೇಲ್ಮೈಗೆ ಯಾವ ಕ್ರಮದಲ್ಲಾದರೂ ತಾಗಬಹುದಾದದ್ದು) ಹೋಗಿ, ಧ್ರುವೀಕರಣ ಮತ್ತು ಕಿರಣ ವಿಭಜನೆ (ಒಂದು ಕಿರಣವನ್ನು ಒಳಹೋಗುವ, ಹಿಂದಿರುಗುವ ಎರಡು ಕಿರಣಗಳಾಗಿ ಒಡೆಯುವುದು) ಎರಡನ್ನೂ ಆನ್ ಮಾಡಿ. ಮೊದಲನೆಯದಿಲ್ಲದೆ ಎರಡನೆಯದು ನಡೆಯುವುದಿಲ್ಲ. ಲೇಪನದ ಕಡತದಲ್ಲಿ ಆದರ್ಶ ಸಂಖ್ಯೆಯನ್ನು ಬರೆಯಬೇಡಿ. ಲೇಪನ ಮಾಡಿಕೊಟ್ಟವರಿಂದ ಪದರಗಳ ದಪ್ಪವನ್ನು ಕೇಳಿ. ಅವರು ಹೇಳದಿದ್ದರೆ ಅಳೆದ ಪ್ರತಿಫಲನದ ಕೋಷ್ಟಕವನ್ನಾದರೂ ತರಿಸಿಕೊಳ್ಳಿ. ಕೋನ ಹೆಚ್ಚಿದಂತೆ ಲೇಪನದ ಗುಣವೂ ಬದಲಾಗುತ್ತದೆ: 550 ನ್ಯಾನೋಮೀಟರಿಗೆ ಹೊಂದಿಸಿದ ಆ ಒಂದು ಪದರ 45 ಡಿಗ್ರಿಯಲ್ಲಿ ಸುಮಾರು 470ಕ್ಕೆ, ನೀಲಿಯ ಕಡೆಗೆ, ಸರಿಯುತ್ತದೆ. ಅಗಲವಾದ ನೋಟದ ಲೆನ್ಸ್‌ನಲ್ಲಿ ಇದು ಅಂಚಿನಲ್ಲಿ ಬಣ್ಣವಾಗಿ ಕಾಣಬಹುದು.

ಮಂಕಿನ ವಿಷಯಕ್ಕೆ ಬರುತ್ತೇನೆ. ಅಲ್ಲಿ ನನಗೆ ನೋವು ಕೊಟ್ಟ ಅನುಭವವೊಂದಿದೆ. ಹಲವು ವರ್ಷಗಳ ಹಿಂದೆ ನಾನು ಒಂದು ಲೆನ್ಸ್‌ನ ಕೊಳವೆಯ ಒಳಗೋಡೆಯನ್ನು ತಂತ್ರಾಂಶದಲ್ಲಿ ಬೆಳಕನ್ನೆಲ್ಲ ನುಂಗುವ ಪದಾರ್ಥವೆಂದು ಬರೆದುಬಿಟ್ಟೆ. ಬಂದದ್ದು ಕಪ್ಪು ಬಣ್ಣ ಕೊಟ್ಟ ಅಲ್ಯೂಮಿನಿಯಂ. ಮೇಜಿನ ಮೇಲಿಟ್ಟು ನೋಡಿದರೆ ಅದು ಇದ್ದಿಲಿನಷ್ಟು ಕಪ್ಪು. ಕಿಟಕಿಯ ಕಡೆಗೆ ಹಿಡಿದು ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರೆ ಒಳಗೆ ಬೆಳ್ಳಿಯ ಬಳೆಯಂತಹ ಹೊಳಪು. ಓರೆಯಾಗಿ ಬಿದ್ದ ಬೆಳಕಿಗೆ ಆ ಕಪ್ಪು ಕನ್ನಡಿಯಂತೆ ವರ್ತಿಸುತ್ತಿತ್ತು. ಅಂದಿನಿಂದ ಕೊಳವೆಗಳಿಗೂ ಅಳೆದ ಚದುರುವಿಕೆಯ ಮಾಹಿತಿಯನ್ನೇ ಕೊಡುತ್ತೇನೆ. ಕಾಗದದಂತೆ ಎಲ್ಲ ಕಡೆಗೂ ಹರಡುವ ಲ್ಯಾಂಬರ್ಟ್ ಮಾದರಿ ಉಜ್ಜಿ ನುಣುಪುಗೊಳಿಸಿದ ಲೆನ್ಸ್ ಗಾಜಿಗೂ ಸಲ್ಲುವುದಿಲ್ಲ. ಅಲ್ಲಿ ಬೆಳಕು ನೇರ ದಿಕ್ಕಿನ ಸುತ್ತಲೇ ಗುಂಪಾಗಿರುತ್ತದೆ. ಅದಕ್ಕೆ ಎಬಿಜಿ ಎಂಬ ಚದುರುವಿಕೆಯ ಮಾದರಿಯ ಮೂರು ಸಂಖ್ಯೆಗಳನ್ನು (ಎ, ಬಿ, ಜಿ) ಅಳತೆಯಿಂದಲೇ ಪಡೆಯಬೇಕು.

ಮೇಲ್ಮೈ ಎಷ್ಟು ನುಣುಪಾಗಿರಬೇಕು ಎಂಬುದು ಕೆಲಸವನ್ನು ಅವಲಂಬಿಸಿದೆ. ಒಂದು ಕನ್ನಡಿಯ ಒರಟುತನ 2 ನ್ಯಾನೋಮೀಟರ್ ಆಗಿದ್ದರೆ ಹಸಿರು ಬೆಳಕಿನಲ್ಲಿ ಚದುರುವುದು 0.2 ಶೇಕಡಾ. ನಿಮ್ಮ ಕ್ಯಾಮೆರಾಕ್ಕೆ ಅದು ನಡೆಯುತ್ತದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ನಿರ್ಮಿಸಿ, 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯಲ್ಲಿ ಹೋದ ಕರೋನಾಗ್ರಾಫ್‌ಗೆ (ಸೂರ್ಯನ ಸುತ್ತಲಿನ ಮಂದ ಹೊರವಲಯವಾದ ಕರೋನಾವನ್ನು ನೋಡುವ ಉಪಕರಣಕ್ಕೆ) ನಡೆಯುವುದಿಲ್ಲ. ಅದರ ಮೊದಲ ಕನ್ನಡಿಯ ಮೇಲೆ ಸೂರ್ಯನ ಇಡೀ ಬಿಂಬದ ಬೆಳಕೇ ಬೀಳುತ್ತದೆ; ಕರೋನಾದ ಬೆಳಕಾದರೋ ಅದರ ಹತ್ತು ಲಕ್ಷದ ಒಂದು ಭಾಗದಷ್ಟು. ಒರಟುತನ ಹತ್ತನೇ ಒಂದಾದರೆ ಚದುರಿದ ಬೆಳಕು ನೂರನೇ ಒಂದಾಗುತ್ತದೆ. ಕನ್ನಡಿಯನ್ನು ಅಷ್ಟು ನುಣುಪುಗೊಳಿಸುವ ಶ್ರಮಕ್ಕೆ, ಚದುರುವ ಬೆಳಕು ಒರಟುತನದ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಬದಲಾಗುವ ಈ ಲೆಕ್ಕವೇ ಕಾರಣ.

ನಿಮ್ಮ ಲೆನ್ಸ್‌ಗೆ ಈಗಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಮುಂಭಾಗದಿಂದ ಸ್ವಲ್ಪ ಓರೆಯಾಗಿ ಹಿಡಿದು ಒಳಗೆ ನೋಡಿ. ಮೇಲ್ಮೈಗೊಂದರಂತೆ ಚಿಕ್ಕ ಚಿಕ್ಕ ಪ್ರತಿಬಿಂಬಗಳು ಸಾಲಾಗಿ ಕಾಣುತ್ತವೆ. ನೇರಳೆ ಅಥವಾ ಹಸಿರು ಬಣ್ಣದವು ಲೇಪನವಿರುವ ಮೇಲ್ಮೈಗಳದ್ದು. ಬೆಳ್ಳಗೆ ಪ್ರಖರವಾಗಿ ಹೊಳೆಯುವುದು ಯಾವುದಾದರೂ ಇದ್ದರೆ ಅದಕ್ಕೆ ಲೇಪನ ಆಗಿಲ್ಲ. ಟಾರ್ಚನ್ನು ನಿಧಾನವಾಗಿ ಸರಿಸಿ, ಅದು ಎಷ್ಟನೆಯ ಮೇಲ್ಮೈ ಎಂದು ಗುರುತಿಸಿ, ಆ ಸಂಖ್ಯೆಯನ್ನು ನನಗೆ ಬರೆಯಿರಿ.