ಏಳು ದಿನ, ಹತ್ತು ದ್ವೀಪ: ಮತ್ತೆ ಅದೇ ಪ್ರಶ್ನೆ

ಕ್ರೊಯೇಷಿಯಾದ ಕರಾವಳಿಯಲ್ಲಿ ಯಾಟ್ ಬಾಡಿಗೆಗೆ ಹಿಡಿದು ದ್ವೀಪ ಸುತ್ತುವ ಬಗ್ಗೆ ಈ ಸಲವೂ ಪತ್ರಗಳು ಬಂದಿವೆ. ಊರು ಬೇರೆಯಾದರೂ ಬಹಳಷ್ಟರಲ್ಲಿ ಪ್ರಶ್ನೆ ಒಂದೇ. ಅದನ್ನೇ ಮೊದಲು ಮುಗಿಸೋಣ.

ನಾವು ಎರಡು ಕುಟುಂಬ, ಎಂಟು ಮಂದಿ ಇದ್ದೀವ್ರಿ. ಏಳು ದಿನದಾಗ ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್ ತನಕ ಹೋಗಿ, ನಡುವೆ ಹತ್ತು ದ್ವೀಪ ನೋಡಿ ವಾಪಸ್ ಬರಲಿಕ್ಕೆ ಆಗ್ತದೇನ್ರಿ? ಏಜೆಂಟ್ ಆಗ್ತದ ಅಂತಾನ. (ಕಲಬುರಗಿ)

ಆಗುವುದಿಲ್ಲ. ನಿಮ್ಮ ಏಜೆಂಟ್ ನಕ್ಷೆ ನೋಡಿದ್ದಾನೆ, ದೋಣಿ ನೋಡಿಲ್ಲ. 40 ಅಡಿಯ ಹಾಯಿದೋಣಿ ಗಂಟೆಗೆ 5ರಿಂದ 6 ನಾಟಿಕಲ್ ಮೈಲಿ ಹೋಗುತ್ತದೆ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಕಲಬುರಗಿ–ಬೀದರ್ ರೈಲು ಮಾರ್ಗ 110 ಕಿ.ಮೀ.; ಈ ವೇಗದಲ್ಲಿ ಅಷ್ಟು ದೂರಕ್ಕೆ 10ರಿಂದ 12 ಗಂಟೆ. ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ಒಂದು ಕಡೆಗೇ ಸುಮಾರು 100 ನಾಟಿಕಲ್ ಮೈಲಿ. ಹೋಗಿ ಬರುವುದರೊಳಗೆ ರಜೆ ಮುಗಿದಿರುತ್ತದೆ.

ಅದೂ ಪೂರ್ತಿ ಏಳು ದಿನ ಸಿಗುವುದಿಲ್ಲ. ಸಾಮಾನ್ಯವಾಗಿ ಶನಿವಾರ ಸಂಜೆ 5ಕ್ಕೆ ದೋಣಿ ಕೈಗೆ ಬರುತ್ತದೆ, ಮುಂದಿನ ಶುಕ್ರವಾರ ಸಂಜೆಯೊಳಗೆ ಅದೇ ಮರೀನಾಕ್ಕೆ (ಯಾಟ್‌ಗಳು ನಿಲ್ಲುವ ಬಂದರಿಗೆ) ಮರಳಬೇಕು, ಶನಿವಾರ ಬೆಳಿಗ್ಗೆ 9ಕ್ಕೆ ಸಾಮಾನು ಸಮೇತ ಇಳಿಯಬೇಕು. ಓಡಾಡಲು ಉಳಿಯುವುದು ಆರು ದಿನ. ಮೊದಲ ಸಂಜೆ ಹಗ್ಗ ಬಿಚ್ಚುವ ಯೋಚನೆಯೇ ಬೇಡ. ಪಟ್ಟಿ ಹಿಡಿದು ಎಲ್ಲವನ್ನೂ ಪರೀಕ್ಷಿಸಿ: ಲಂಗರಿನ ಮೋಟಾರು, ಶೌಚದ ಪಂಪು, ಚಿಕ್ಕ ರಬ್ಬರ್ ದೋಣಿಯ ಎಂಜಿನ್, ಮಕ್ಕಳ ಅಳತೆಯ ಲೈಫ್ ಜಾಕೆಟ್. ಮೊದಲೇ ಇದ್ದ ಗೀರುಗಳ ಫೋಟೊ ತೆಗೆದಿಡಿ. ಠೇವಣಿಯ ಜಗಳವೆಲ್ಲ ಅಲ್ಲಿಂದಲೇ ಹುಟ್ಟುವುದು.

ಆರಾಮದ ಸುತ್ತು ಹೀಗಿರಲಿ. ಭಾನುವಾರ ಬ್ರಾಚ್ ದ್ವೀಪದ ಮಿಲ್ನಾ, ಸುಮಾರು 10 ನಾಟಿಕಲ್ ಮೈಲಿ. ಸೋಮವಾರ ಹ್ವಾರ್ ಪಟ್ಟಣದ ಎದುರಿನ ಪಾಕ್ಲೆನಿ ದ್ವೀಪಗಳು, ಸುಮಾರು 15. ಮಂಗಳವಾರ ವಿಸ್, ಮತ್ತೆ ಅಷ್ಟೇ. ಬುಧವಾರ ದೋಣಿ ಅಲ್ಲೇ ಇರಲಿ. ಯುಗೊಸ್ಲಾವ್ ಸೇನೆಯ ನೆಲೆಯಾಗಿದ್ದ ವಿಸ್‌ಗೆ 1989ರವರೆಗೆ ವಿದೇಶಿಯರಿಗೆ ಪ್ರವೇಶವಿರಲಿಲ್ಲ. ಹೋಟೆಲುಗಳ ಸಾಲು ಎದ್ದಿಲ್ಲದಿರಲು ಅದೇ ಕಾರಣ. ದ್ವೀಪದ ಇನ್ನೊಂದು ತುದಿಯ ಕೊಮಿಝಾ ಊರಿಗೆ ಬಸ್ಸಿನಲ್ಲಿ ಹೋಗಿ, ಪಕ್ಕದ ಬೀಶೆವೊ ದ್ವೀಪದ ನೀಲಿ ಗುಹೆಯನ್ನು ಅಲ್ಲಿನವರ ದೋಣಿಯಲ್ಲಿ ನೋಡಿ ಬನ್ನಿ. ನಡುಹಗಲಿಗೆ ಮುಂಚೆ ಬೆಳಕು ಚೆನ್ನ. ಗುರುವಾರ ಶೋಲ್ಟಾದ ಮಾಸ್ಲಿನಿಟ್ಸಾ, ಶುಕ್ರವಾರ ಸ್ಪ್ಲಿಟ್. ದೊಡ್ಡ ದ್ವೀಪ ನಾಲ್ಕೇ. ಸಾಕು.

ದಿನಕ್ಕೆ 15–20 ನಾಟಿಕಲ್ ಮೈಲಿ ದಾಟಬೇಡಿ ಎನ್ನುವುದಕ್ಕೆ ಕಾರಣ ಗಾಳಿ. ಬೇಸಿಗೆಯ ಮಧ್ಯಾಹ್ನ ವಾಯವ್ಯದಿಂದ ಮೆಸ್ಟ್ರಾಲ್ ಬೀಸುತ್ತದೆ, ಸಂಜೆಗೆ ಅಡಗುತ್ತದೆ, ಅದು ಸಜ್ಜನ. ಯುಗೊ ಆಗ್ನೇಯದಿಂದ ಬರುತ್ತದೆ, ಒಂದೆರಡು ದಿನ ಬಲಿತು ಮೋಡ, ಮಳೆ, ದೊಡ್ಡ ಅಲೆ ತರುತ್ತದೆ. ಬುರಾ ಈಶಾನ್ಯದ ಬೆಟ್ಟದಿಂದ, ಆಕಾಶ ಶುಭ್ರವಿದ್ದಾಗಲೂ, ಥಟ್ಟನೆ ಎರಗುತ್ತದೆ. ಕ್ರೊಯೇಷಿಯಾ ಹವಾಮಾನ ಇಲಾಖೆಯ ವರದಿಯಲ್ಲಿ ಇವೆರಡರ ಹೆಸರು ಕಂಡರೆ ವಿಸ್ ಕೈಬಿಟ್ಟು ಬ್ರಾಚ್, ಶೋಲ್ಟಾಗಳ ಮಗ್ಗುಲಲ್ಲೇ ಇರಿ. ದಿನ ತುಂಬಿಸಿಟ್ಟವರಿಗೆ ಆ ಅವಕಾಶವೇ ಇರುವುದಿಲ್ಲ. ಶುಕ್ರವಾರ ಮುಟ್ಟಲೇಬೇಕೆಂದು ಕೆಟ್ಟ ಗಾಳಿಯಲ್ಲೂ ಹೊರಡುತ್ತಾರೆ.

ಲಂಗರು ಹಾಕುವಾಗ ನೀರಿನೊಳಗೆ ತಿಳಿಬಣ್ಣ ಕಂಡಲ್ಲಿ ಹಾಕಿ, ಅದು ಮರಳು. ಕಪ್ಪಗೆ ಕಂಡರೆ ಕಡಲ ಹುಲ್ಲು. ಲಂಗರು ಕಚ್ಚುವುದಿಲ್ಲ, ಹುಲ್ಲೂ ಹಾಳು. ಆಳ 6 ಮೀಟರ್ ಇದ್ದರೆ ಸರಪಳಿ 30 ಮೀಟರ್ ಬಿಡಿ. ಬಿಟ್ಟ ಮೇಲೆ ಎಂಜಿನ್ ಹಿಂದಕ್ಕೆ ಓಡಿಸಿ ಎಳೆದು ನೋಡಿ.

ನಮ್ಮ ಕಡೆಯವರು ಸೋಲುವುದು ನೀರಿನ ಲೆಕ್ಕದಲ್ಲಿ. ಈ ಅಳತೆಯ ದೋಣಿಯ ಟ್ಯಾಂಕು 300–400 ಲೀಟರ್. ಎಂಟು ಮಂದಿ ದಿನಕ್ಕೊಂದು ಬಕೆಟ್ ಸ್ನಾನ ಮಾಡಿದರೆ 160 ಲೀಟರ್. ಎರಡನೇ ದಿನ ಸಂಜೆಗೆ ಟ್ಯಾಂಕು ಒಣಗುತ್ತದೆ. ಸಮುದ್ರದಲ್ಲಿ ಮುಳುಗೆದ್ದು, ಹಿಂಬದಿಯ ಷವರಿನಲ್ಲಿ ಎರಡು ಲೀಟರ್ ಸುರಿದುಕೊಳ್ಳಿ. ಶಾಸ್ತ್ರೋಕ್ತ ಸ್ನಾನ ಮರೀನಾದಲ್ಲಿ.

ಇನ್ನೊಂದು ಮಾತು: ದೋಣಿ ನಡೆಸಲು ಸ್ಕಿಪ್ಪರ್ ಇಟ್ಟುಕೊಂಡರೆ ನೀವು ಎಂಟಲ್ಲ, ಒಂಬತ್ತು. ಅವರಿಗೆ ಮಲಗಲು ಜಾಗ, ಊಟ ನಿಮ್ಮದೇ. ನಾಲ್ಕು ಕ್ಯಾಬಿನ್ ನೋಡಿ ಲೆಕ್ಕ ಸರಿಹೋಯಿತು ಎನ್ನಬೇಡಿ.

ಜುಲೈನಲ್ಲಿ ಮುಂಗಾರು ಇರುತ್ತದಲ್ಲ, ಸಮುದ್ರ ಕೆರಳಿರುವುದಿಲ್ಲವೇ? (ಯಾದಗಿರಿ)

ಮುಂಗಾರು ನಮ್ಮದು, ಕ್ರೊಯೇಷಿಯಾದ ಏಡ್ರಿಯಾಟಿಕ್ ಸಮುದ್ರದ್ದಲ್ಲ. ಜುಲೈ–ಆಗಸ್ಟ್ ಬೇಡ ಎನ್ನುವುದು ಜನಜಂಗುಳಿ ಮತ್ತು ಬಾಡಿಗೆಗಾಗಿ. ಜೂನ್ ಅಥವಾ ಸೆಪ್ಟೆಂಬರ್ ಹಿಡಿಯಿರಿ.

ಕಟಕ ರೊಟ್ಟಿ, ಶೇಂಗಾ ಹಿಂಡಿ, ತುಪ್ಪ, ಪೇಡೆ ಒಯ್ಯಬಹುದೇ? (ಬಸವಕಲ್ಯಾಣ)

ರೊಟ್ಟಿ, ಹಿಂಡಿ ಧಾರಾಳವಾಗಿ ಒಯ್ಯಿರಿ. ತುಪ್ಪ, ಪೇಡೆ ಹಾಲಿನ ಪದಾರ್ಥ. ಯುರೋಪಿಯನ್ ಒಕ್ಕೂಟದೊಳಗೆ ಬಿಡುವುದಿಲ್ಲ, ಮಾಂಸವನ್ನೂ. ಮಿಕ್ಸರ್ ಮರೀನಾದ ಕರೆಂಟಿನಲ್ಲಷ್ಟೇ ಓಡುತ್ತದೆ, ಪುಡಿಗಳನ್ನು ಮನೆಯಲ್ಲೇ ಮಾಡಿಕೊಳ್ಳಿ. ದೋಣಿ ಓಡುವಾಗ ಒಗ್ಗರಣೆ ಹಾಕಬೇಡಿ, ಕಾದ ಎಣ್ಣೆ ಮೈಮೇಲೆ ಬರುತ್ತದೆ. ಎಲ್ಲವನ್ನೂ ಮೆತ್ತನೆಯ ಚೀಲದಲ್ಲಿ ತುಂಬಿ. ಗಟ್ಟಿ ಸೂಟ್‌ಕೇಸ್ ಇಡಲು ಜಾಗವಿರುವುದಿಲ್ಲ.

ಓಕರಿಕೆಗೆ ತಾಮ್ರದ ಕಡಗ ಒಳ್ಳೆಯದಂತೆ, ಒಬ್ಬರು ಎರಡು ಸಾವಿರಕ್ಕೆ ಕೊಡುತ್ತಾರೆ. (ಸೇಡಂ)

ಕೊಡುವವರಿಗೆ ಒಳ್ಳೆಯದು. ನೀವು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ, ಅದನ್ನೂ ಹೊರಡುವ ಮೊದಲೇ. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹಸಿದ ಹೊಟ್ಟೆಯಲ್ಲಿರಬೇಡಿ. ಮೇಲೆ ಕೂತು ದಿಗಂತ ನೋಡಿ. ಕ್ಯಾಬಿನ್‌ನೊಳಗೆ ಮೊಬೈಲು ನೋಡುತ್ತ ಮಲಗಿದವರೇ ಮೊದಲು ಕೆಡುವುದು.

ವೀಸಾ ಪ್ರಯಾಣಕ್ಕೆ ಹತ್ತು ದಿನ ಮೊದಲು ಹಾಕಿದರೆ ಸಾಕೇ? (ಬೀದರ್)

ಸಾಲದು. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್‌ನಲ್ಲಿದೆ, ಅಂದರೆ ಹಲವು ಯುರೋಪ್ ದೇಶಗಳಿಗೆ ಒಂದೇ ವೀಸಾ ಇರುವ ವಲಯದಲ್ಲಿ. ಅರ್ಜಿಯನ್ನು ಆರು ತಿಂಗಳು ಮುಂಚಿನಿಂದ ಹಾಕಬಹುದು, ಪ್ರಯಾಣಕ್ಕೆ 15 ದಿನ ಮುಂಚೆಗಿಂತ ತಡ ಮಾಡುವಂತಿಲ್ಲ. 30,000 ಯುರೋ ರಕ್ಷಣೆಯ ವಿಮೆ ಕಡ್ಡಾಯ.

ಎರಡೇ ದಿನದಲ್ಲಿ ಆನ್‌ಲೈನ್ ಕ್ಯಾಪ್ಟನ್ ಸರ್ಟಿಫಿಕೇಟ್ ಕೊಡಿಸುವವರಿದ್ದಾರೆ. ತೆಗೆದುಕೊಳ್ಳಲೇ? (ಶಹಾಪುರ)

ಬೇಡ. ಅಲ್ಲಿನ ಸಚಿವಾಲಯ ಒಪ್ಪುವ ಪರವಾನಗಿಗಳ ಪಟ್ಟಿ ಇದೆ, ಜೊತೆಗೆ ರೇಡಿಯೊ ಪ್ರಮಾಣಪತ್ರವೂ ಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ದುಡ್ಡು ಕೊಟ್ಟು ಸ್ಕಿಪ್ಪರ್ ಕರೆದುಕೊಳ್ಳಿ.