ಮೊದಲು ಆ ಸೀನಿಯರ್‌ಗೆ ಉತ್ತರ ಬರೆ

ವಯಸ್ಸಿನಲ್ಲಿ ಚಿಕ್ಕವಳು, ಏಕವಚನದಲ್ಲೇ ಮಾತಾಡಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನೀನು ಬರೆದದ್ದು ಇಷ್ಟು: ಪದವಿ ಮುಗಿದು ಎಂಟು ತಿಂಗಳು. 212 ಅರ್ಜಿ, ಎರಡೇ ಸಂದರ್ಶನ. ಅಣ್ಣ ದಿನಾ ರಾತ್ರಿ ಎಕ್ಸೆಲ್ ಶೀಟ್ ತೆರೆದು ಇವತ್ತು ಎಷ್ಟು ಹಾಕಿದೆ ಅಂತ ಲೆಕ್ಕ ಕೇಳುತ್ತಾನೆ, ಹತ್ತಕ್ಕಿಂತ ಕಡಿಮೆಯಾದರೆ ಮುಖ ಊದಿಸುತ್ತಾನೆ. ಇನ್ನೊಂದು ಕೋರ್ಸ್ ಮಾಡಲಾ, ಇಲ್ಲ ಮಾಸ್ಟರ್ಸ್‌ಗೆ ಸೇರಿಬಿಡಲಾ ಅನ್ನುವುದು ನಿನ್ನ ಪ್ರಶ್ನೆ.

ಅದಿರಲಿ. ಪತ್ರದ ಕೊನೆಗೆ, ಸುಮ್ನೆ ಬರೆದ ಹಾಗೆ, ಒಂದು ಸಾಲಿದೆ. ಪ್ರಾಜೆಕ್ಟಿನಲ್ಲಿ ಸಹಾಯ ಮಾಡಿದ ಸೀನಿಯರ್ ಒಬ್ಬರು 'ಹೇಗಿದ್ದೀಯ' ಅಂತ ಮೆಸೇಜ್ ಮಾಡಿದ್ದರು, ಕೆಲಸ ಸಿಕ್ಕಿದ ಮೇಲೆ ಉತ್ತರ ಕೊಡೋಣ ಅಂತ ಬಿಟ್ಟಿದ್ದೀಯ. ಅಲ್ಲಮ್ಮ, ಗುರುತಿಲ್ಲದ 212 ಕಡೆ ಕೇಳಲು ಆಗದ ನಾಚಿಕೆ, ನಿನ್ನ ಕೆಲಸ ಕಣ್ಣಾರೆ ನೋಡಿದವರು ತಾವಾಗಿ ವಿಚಾರಿಸಿದರೆ ಆಗುತ್ತದಾ?

ಪರಿಚಯದವರನ್ನು ಕೇಳಿ ಅನ್ನುವುದು ನನ್ನ ಹಳೇ ರಾಗ, ಗೊತ್ತು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಕೂಡ 1973ರಲ್ಲಿ ಇದನ್ನೇ ಬರೆದರು. ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು, ಆಗ ಆ ವ್ಯಕ್ತಿಯನ್ನು ಎಷ್ಟು ಸಲ ಕಾಣುತ್ತಿದ್ದಿರಿ ಅಂತ ಕೇಳಿದ್ದರು. ವಾರಕ್ಕೆ ಎರಡು ಸಲವಾದರೂ ಅಂದವರು ಸುಮಾರು ಶೇ 17. ಶೇ 28ರಷ್ಟು ಮಂದಿ ವರ್ಷಕ್ಕೊಮ್ಮೆ ಕಂಡರೆ ಹೆಚ್ಚು! ಮನೆಯವರಿಗೆ, ಜೀವದ ಗೆಳತಿಯರಿಗೆ ನಿನಗೆ ಗೊತ್ತಿರುವ ಸುದ್ದಿಯೇ ಗೊತ್ತಿರುತ್ತದೆ. ದೂರದವರು ಓಡಾಡುವ ಜಾಗವೇ ಬೇರೆ. ಗ್ರಾನೊವೆಟರ್ ಮಾತಾಡಿಸಿದ್ದು ಅನುಭವ ಇದ್ದವರನ್ನು, ನಿಜ, ಆದರೆ ನನ್ನ ಪ್ರಕಾರ ಇದು ಹೊಸಬರಿಗೇ ಜಾಸ್ತಿ ಹೊಂದುತ್ತದೆ, ಯಾಕೆಂದರೆ ರೆಸ್ಯೂಮ್‌ನಲ್ಲಿ ಅನುಭವದ ಜಾಗ ಖಾಲಿ ಇರುವಾಗ ಇವಳು ಕೆಲಸ ಮಾಡಬಲ್ಲಳು ಅನ್ನಲು ಒಬ್ಬ ಸಾಕ್ಷಿಯಾದರೂ ಬೇಕಲ್ವಾ.

ನಿನ್ನ ಅಣ್ಣನ ಮೇಲೆ ನನಗೆ ಸಿಟ್ಟಿದೆ. ಪ್ರೀತಿ ಇರಬಹುದು, ಆದರೆ ಒಂದೇ ರೆಸ್ಯೂಮನ್ನು ಎಲ್ಲ ಕಡೆ ಎಸೆಯುವುದೇ ಶ್ರಮ ಅಂತ ನಿನ್ನನ್ನು ನಂಬಿಸಿದ್ದು ಅವನೇ. ಅವನ ಮೊದಲ ಕೆಲಸ ಯಾರ ಮೂಲಕ ಸಿಕ್ಕಿತು ಅಂತ ಒಮ್ಮೆ ಕೇಳಿನೋಡು.

ಮಾಡಬೇಕಾದ್ದು ಒಂದೇ. ಇವತ್ತು ಮಲಗುವ ಮುಂಚೆ ಆ ಸೀನಿಯರ್‌ಗೆ ಉತ್ತರ ಬರೆ. ತಡವಾಯಿತು, ಇನ್ನೂ ಕೆಲಸ ಸಿಕ್ಕಿಲ್ಲ, ನಿಮ್ಮ ಕಡೆ ಹೊಸಬರನ್ನು ಎಂಥ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಹದಿನೈದು ನಿಮಿಷ ಮಾತಾಡಬಹುದಾ, ಇಷ್ಟು ಸಾಕು. ಕೆಲಸ ಕೊಡಿಸಿ ಅನ್ನಬೇಡ. ರೆಸ್ಯೂಮ್ ಕಳಿಸಬೇಡ, ಬೇಕಾದರೆ ಅವರೇ ಕೇಳುತ್ತಾರೆ. ಕೋರ್ಸಿನ ವಿಚಾರ ಆ ಮಾತುಕತೆ ಮುಗಿದ ಮೇಲೆ ನನಗೆ ಬರೆ.